ರೈತರ ಕಾರು, ಟ್ರ್ಯಾಕ್ಟರುಗಳಿಗೆ ವಿಮೆ: ಎಷ್ಟು ರಕ್ಷಣೆ ಪಡೆಯಬೇಕು?

ಎತ್ತಿನ ಜೋಡಿಯನ್ನು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಹಣ ಎಣಿಸುವುದು ನಮ್ಮ ರೈತರ ಪದ್ಧತಿ. ಆದರೆ ಅದೇ ರೈತರು ಕಾರನ್ನೋ ಟ್ರ್ಯಾಕ್ಟರನ್ನೋ ಕೊಂಡಾಗ, ಅದರ ವಿಮಾ ಪತ್ರವನ್ನು ಓದದೆಯೇ ಸಹಿ ಹಾಕಿ ಪೆಟ್ಟಿಗೆಯೊಳಗೆ ಇಟ್ಟುಬಿಡುತ್ತಾರೆ. "ಪೊಲೀಸರು ಕೇಳಿದರೆ ತೋರಿಸಲು ಒಂದು ಕಾಗದ ಇದ್ದರೆ ಸಾಕು, ಎಲ್ಲಕ್ಕಿಂತ ಕಡಿಮೆಯದು ಯಾವುದೋ ಅದನ್ನೇ ಕೊಡಿ" ಎನ್ನುವವರೇ ಹೆಚ್ಚು. ಇನ್ನು ಕೆಲವರು ಮಾರಾಟಗಾರರು ಹೇಳಿದ ಎಲ್ಲ ಸೌಲಭ್ಯಗಳಿಗೂ ತಲೆಯಾಡಿಸಿ, ಬೇಡದ ರಕ್ಷಣೆಗೂ ಹಣ ತೆರುತ್ತಾರೆ. ಇವೆರಡೂ ನಷ್ಟದ ದಾರಿಗಳೇ.

ವಿಮೆಯನ್ನು ಆರಿಸುವುದಕ್ಕೆ ಒಂದು ಸರಳ ಸೂತ್ರವಿದೆ. ಯಾವ ನಷ್ಟವನ್ನು ನಿಮ್ಮ ಒಂದು ವರ್ಷದ ಬೆಳೆಯಿಂದ ತುಂಬಿಕೊಳ್ಳಲಾಗದೋ ಅದನ್ನು ವಿಮೆಗೆ ಬಿಡಿ. ಯಾವ ನಷ್ಟವನ್ನು ಮನೆಯ ಹಣದಿಂದಲೇ ತುಂಬಬಲ್ಲಿರೋ ಅದನ್ನು ನೀವೇ ಹೊರಿರಿ. ಈ ಸೂತ್ರವನ್ನು ಕಾರು ಮತ್ತು ಟ್ರ್ಯಾಕ್ಟರುಗಳಿಗೆ ಹೇಗೆ ಅನ್ವಯಿಸಬೇಕೆಂಬುದನ್ನು ಈ ಪಾಠದಲ್ಲಿ ಲೆಕ್ಕಸಹಿತ ವಿವರಿಸಲಾಗಿದೆ.

ವಿಮೆಯಲ್ಲಿ ಎರಡು ಭಾಗಗಳು

ವಾಹನ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗಗಳುಂಟು.

1. ಮೂರನೆಯವರ ವಿಮೆ: ಇದನ್ನು ಥರ್ಡ್ ಪಾರ್ಟಿ ವಿಮೆ ಎಂದು ಕರೆಯುವುದು ರೂಢಿ. ನಿಮ್ಮ ವಾಹನದಿಂದ ಬೇರೊಬ್ಬರಿಗೆ ಸಾವು ಸಂಭವಿಸಿದರೆ, ಗಾಯವಾದರೆ ಅಥವಾ ಅವರ ಆಸ್ತಿಗೆ ಹಾನಿಯಾದರೆ ನೀವು ಕೊಡಬೇಕಾದ ಪರಿಹಾರವನ್ನು ವಿಮಾ ಕಂಪನಿಯು ಕೊಡುತ್ತದೆ. ನಿಮ್ಮ ವಾಹನದ ದುರಸ್ತಿಗೆ ಇದರಿಂದ ಒಂದು ಪೈಸೆಯೂ ಬರುವುದಿಲ್ಲ.

2. ಸ್ವಂತ ಹಾನಿಯ ವಿಮೆ: ಅಪಘಾತ, ಬೆಂಕಿ, ಕಳವು, ಪ್ರವಾಹ, ಬಿರುಗಾಳಿ, ಗಲಭೆ ಮುಂತಾದವುಗಳಿಂದ ನಿಮ್ಮ ವಾಹನಕ್ಕೇ ಆಗುವ ನಷ್ಟವನ್ನು ಇದು ತುಂಬಿಕೊಡುತ್ತದೆ.

ಇವೆರಡೂ ಸೇರಿದ ಪಾಲಿಸಿಯನ್ನು ಸಮಗ್ರ ವಿಮೆ ಅಥವಾ ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ. ಹೊಸ ಕಾರಿಗೆ 2018ರ ಸೆಪ್ಟೆಂಬರ್ 1ರಿಂದ ಮೂರನೆಯವರ ವಿಮೆಯನ್ನು ಒಮ್ಮೆಗೇ 3 ವರ್ಷಗಳಿಗೆ ಪಡೆಯುವ ನಿಯಮ ಬಂದಿದೆ. ಆದುದರಿಂದ ಹೊಸ ಕಾರಿನ ಪಾಲಿಸಿಯಲ್ಲಿ ಎರಡು ಮುಕ್ತಾಯ ದಿನಾಂಕಗಳಿರಬಹುದು: ಒಂದು ಮೂರು ವರ್ಷಗಳ ನಂತರದ್ದು, ಇನ್ನೊಂದು ಸ್ವಂತ ಹಾನಿಯ ಭಾಗಕ್ಕೆ ಸಂಬಂಧಿಸಿದ, ಒಂದೇ ವರ್ಷದ್ದು. "ನನಗೆ ಮೂರು ವರ್ಷ ಚಿಂತೆಯಿಲ್ಲ" ಎಂದು ಎರಡನೆಯ ದಿನಾಂಕವನ್ನು ಮರೆತವರು ಹಲವರಿದ್ದಾರೆ. ಪಾಲಿಸಿಯ ಮೊದಲ ಪುಟದಲ್ಲಿ ಈ ಎರಡು ದಿನಾಂಕಗಳನ್ನೂ ನೋಡಿಕೊಳ್ಳತಕ್ಕದ್ದು.

ಮೂರನೆಯವರ ವಿಮೆ ಇಲ್ಲದಿದ್ದರೆ ಏನಾಗುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಓಡುವ ಮೋಟಾರು ವಾಹನಕ್ಕೆ ಮೂರನೆಯವರ ವಿಮೆ ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ ರೂ. 2,000, ಮತ್ತೊಮ್ಮೆ ಸಿಕ್ಕಿಬಿದ್ದರೆ ರೂ. 4,000 ದಂಡ, ಮೂರು ತಿಂಗಳವರೆಗೆ ಸೆರೆಮನೆಯೂ ಆಗಬಹುದು. ಆದರೆ ಹೆದರಬೇಕಾದದ್ದು ಈ ದಂಡಕ್ಕಲ್ಲ. ದಂಡದ ನೂರಾರು ಪಟ್ಟು ದೊಡ್ಡದಾದ ಹೊಣೆಯೊಂದು ಅದರ ಹಿಂದಿದೆ. ಒಂದು ಲೆಕ್ಕವನ್ನು ಮಾಡಿ ನೋಡೋಣ.

ಸಂಜೆಯ ಮಬ್ಬಿನಲ್ಲಿ ನಿಮ್ಮ ವಾಹನ ತಗುಲಿ, ಎದುರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಗಾರೆ ಕೆಲಸಗಾರನೊಬ್ಬ ತೀರಿಕೊಂಡನೆಂದು ಇಟ್ಟುಕೊಳ್ಳಿ. ತಪ್ಪು ನಿಮ್ಮ ವಾಹನದ್ದೆಂದು ನ್ಯಾಯಮಂಡಳಿಯಲ್ಲಿ ಸಿದ್ಧವಾಯಿತು. ಅವನ ವಯಸ್ಸು 34, ತಿಂಗಳ ಸಂಪಾದನೆ ರೂ. 15,000. ಅವನನ್ನು ನಂಬಿದವರು ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ. 2009 ಮತ್ತು 2017ರ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟು ಗೊತ್ತುಪಡಿಸಿದ ಕ್ರಮದಂತೆ ಪರಿಹಾರದ ಲೆಕ್ಕ ಹೀಗಾಗುತ್ತದೆ:

ವರ್ಷದ ಆದಾಯ: ರೂ. 1,80,000

ಮುಂದೆ ಹೆಚ್ಚಬಹುದಾಗಿದ್ದ ಸಂಪಾದನೆಗಾಗಿ ಶೇ. 40 ಸೇರಿಸಿದರೆ: ರೂ. 2,52,000

ಅವನ ಸ್ವಂತ ಖರ್ಚಿಗೆಂದು ನಾಲ್ಕರಲ್ಲಿ ಒಂದು ಪಾಲು ಕಳೆದರೆ: ರೂ. 1,89,000

31ರಿಂದ 35ರ ವಯಸ್ಸಿಗೆ ಗೊತ್ತಾದ ಗುಣಕ 16ರಿಂದ ಗುಣಿಸಿದರೆ: ರೂ. 30,24,000

ಇದರ ಮೇಲೆ ಅಂತ್ಯಕ್ರಿಯೆಯ ವೆಚ್ಚ, ಕುಟುಂಬದವರ ಅಗಲಿಕೆಯ ನಷ್ಟ ಮತ್ತು ಬಡ್ಡಿ ಬೇರೆ. ಮೂವತ್ತು ಲಕ್ಷಕ್ಕೂ ಮಿಕ್ಕಿದ ಈ ಹಣವನ್ನು ಸಣ್ಣ ರೈತನೊಬ್ಬ ಎಲ್ಲಿಂದ ತಂದಾನು? ವಿಮೆಯಿದ್ದರೆ ಕಂಪನಿ ಕೊಡುತ್ತದೆ. ಸಾವು ಮತ್ತು ಗಾಯದ ವಿಷಯದಲ್ಲಿ ಅದರ ಹೊಣೆಗೆ ಗರಿಷ್ಠ ಮಿತಿಯೆಂಬುದಿಲ್ಲ, ನ್ಯಾಯಮಂಡಳಿ ಹೇಳಿದಷ್ಟನ್ನೂ ಕೊಡಬೇಕು. ವಿಮೆಯಿಲ್ಲದಿದ್ದರೆ ಕಾಯಿದೆಯ 174ನೆಯ ಕಲಮಿನಂತೆ ಈ ಮೊತ್ತವನ್ನು ಮಾಲೀಕನಿಂದ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಭೂಕಂದಾಯದ ಬಾಕಿ ಎಂದರೆ ಏನೆಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರು ಉಳಿಸಿಕೊಟ್ಟ ಜಮೀನಿನ ಮಾತು ಅದು. ಅತ್ತ ತೀರಿಕೊಂಡವನ ಮನೆಯವರಿಗೂ ಹಣ ಬರುವುದು ವರ್ಷಗಟ್ಟಲೆ ತಡವಾಗುತ್ತದೆ. ಒಂದು ವಿಮಾ ಕಂತನ್ನು ಉಳಿಸಿದ್ದರಿಂದ ಎರಡು ಮನೆಗಳು ಕೆಡುತ್ತವೆ.

ಇಷ್ಟು ದೊಡ್ಡ ಹೊಣೆಯನ್ನು ಹೊರುವ ವಿಮೆಯ ಬೆಲೆಯಾದರೂ ಎಷ್ಟು? 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಖಾಸಗಿ ಕಾರಿನ ಮೂರನೆಯವರ ವಿಮೆಗೆ ಒಂದು ವರ್ಷಕ್ಕೆ, ತೆರಿಗೆ ಬಿಟ್ಟು, ಹೀಗಿತ್ತು: 1,000 ಸಿ.ಸಿ. ಮೀರದ ಎಂಜಿನ್ನಿಗೆ ರೂ. 2,094, 1,000ದಿಂದ 1,500 ಸಿ.ಸಿ.ವರೆಗೆ ರೂ. 3,416, 1,500 ಸಿ.ಸಿ. ಮೀರಿದರೆ ರೂ. 7,897. ಈ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ಆದುದರಿಂದ ಈ ಭಾಗಕ್ಕಾಗಿ ಕಂಪನಿಯಿಂದ ಕಂಪನಿಗೆ ಅಲೆದು ಚೌಕಾಶಿ ಮಾಡುವುದರಲ್ಲಿ ಅರ್ಥವಿಲ್ಲ. ಚೌಕಾಶಿಗೆ ಎಡೆಯಿರುವುದು ಸ್ವಂತ ಹಾನಿಯ ಭಾಗದಲ್ಲಿ ಮಾತ್ರ.

ಇನ್ನೊಂದು ಅಂಶ: ಮೂರನೆಯವರ ಆಸ್ತಿಹಾನಿಗೆ ಕಾರು, ಟ್ರ್ಯಾಕ್ಟರುಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ರೂ. 7,50,000ವರೆಗೆ ರಕ್ಷಣೆಯಿರುತ್ತದೆ. ಇದನ್ನು ರೂ. 6,000ಕ್ಕೆ ಇಳಿಸಿ ಕಂತಿನಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಪದ್ಧತಿಯೂ ಉಂಟು. ಹಾಗೆ ಇಳಿಸಿಕೊಳ್ಳಬೇಡಿ. ಇನ್ನೊಬ್ಬರ ಕಾರಿನ ಮುಂಭಾಗ ಜಖಂ ಆದರೆ ರೂ. 6,000 ಯಾವ ಮೂಲೆಗೂ ಸಾಲದು.

ಮನೆಯ ಜನರಿಗೆ ರಕ್ಷಣೆ ಇದೆಯೇ?

ಬಹಳ ಜನ ತಪ್ಪು ತಿಳಿದಿರುವುದು ಈ ವಿಷಯದಲ್ಲಿ. ಮೂರನೆಯವರ ವಿಮೆ ಮಾತ್ರ ಇರುವ ಕಾರಿನಲ್ಲಿ ನಿಮ್ಮ ಹೆಂಡತಿ ಮಕ್ಕಳು, ನಂಟರು ಕುಳಿತು ಹೋಗುವಾಗ ಅಪಘಾತವಾದರೆ, ಅವರ ಪರಿಹಾರದ ಹೊಣೆ ಆ ಪಾಲಿಸಿಯಲ್ಲಿ ಸೇರಿದೆಯೆಂದು ನೆಚ್ಚಿಕೊಳ್ಳುವಂತಿಲ್ಲ. ಸಮಗ್ರ ಪಾಲಿಸಿಯಲ್ಲಾದರೆ ಕಾರಿನೊಳಗೆ ಕುಳಿತವರ ಹೊಣೆಯೂ ಸೇರುತ್ತದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿ ಸ್ಪಷ್ಟಪಡಿಸಿದೆ. ಜಾತ್ರೆಗೆ, ಮದುವೆಗೆ, ಆಸ್ಪತ್ರೆಗೆ ಮನೆಮಂದಿಯೆಲ್ಲ ಹೋಗುವ ಕಾರಿಗೆ ಸಮಗ್ರ ವಿಮೆಯೇ ಲೇಸು ಎನ್ನಲು ಇದೊಂದೇ ಕಾರಣ ಸಾಕು. ವಾಹನದ ಬೆಲೆಯನ್ನಷ್ಟೇ ನೋಡಿ ಸಮಗ್ರ ವಿಮೆಯನ್ನು ಬಿಡುವವರು ಇದನ್ನು ಮರೆಯಬಾರದು.

ವಾಹನದ ಮಾಲೀಕನೇ ಓಡಿಸುತ್ತಿರುವಾಗ ಅವನಿಗೆ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ ರೂ. 15,00,000ವರೆಗೆ ಕೊಡುವ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ. ಮನೆಯಲ್ಲಿ ಒಬ್ಬರ ಹೆಸರಿನಲ್ಲಿ ಎರಡು ಮೂರು ವಾಹನಗಳಿದ್ದರೆ ಪ್ರತಿಯೊಂದಕ್ಕೂ ಇದನ್ನು ಕೊಳ್ಳಬೇಕಾಗಿಲ್ಲ, ಒಂದು ಸಾಕು. ಆದರೆ ಈ ವಿಮೆ ಸಿಗುವುದು ಮಾಲೀಕನಿಗೆ, ಅದೂ ಅವನಲ್ಲಿ ಚಾಲನಾ ಪರವಾನಗಿ ಇದ್ದರೆ ಮಾತ್ರ.

ನಮ್ಮ ಹಳ್ಳಿಯ ಮನೆಗಳಲ್ಲಿ ಏನಾಗುತ್ತದೆ? ಕಾರು ತಂದೆಯ ಹೆಸರಿನಲ್ಲಿ, ಓಡಿಸುವವನು ಮಗ. ತಂದೆಗೆ ಪರವಾನಗಿಯೇ ಇಲ್ಲ. ಹೀಗಿರುವಾಗ ಆ ರೂ. 15 ಲಕ್ಷದ ರಕ್ಷಣೆ ತಂದೆಗೂ ಇಲ್ಲ, ಮಗನಿಗೂ ಇಲ್ಲ. ಮಗನು ತನಗಾಗುವ ಹಾನಿಗೆ ಮೂರನೆಯವನಾಗಿ ಪರಿಹಾರ ಕೇಳಲೂ ಕಷ್ಟ. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ತಂದ ಬೈಕಿನಲ್ಲಿ ಹೋಗುತ್ತಿದ್ದಾಗ ಮುಂದಿನ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಒಬ್ಬರು ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ವಾಹನವನ್ನು ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಆದುದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಕಲಮಿನ ಪ್ರಯೋಜನ ಅವನ ಕಡೆಯವರಿಗೆ ದೊರೆಯದು ಎಂದು 2009ರ ಆ ತೀರ್ಪು ಹೇಳಿತು. ಇದರಿಂದ ಕಲಿಯಬೇಕಾದ ಪಾಠವೆಂದರೆ, ವಾಹನವನ್ನು ನಿಜವಾಗಿ ಓಡಿಸುವವರ ಹೆಸರಿನಲ್ಲಿ ಒಂದು ಪ್ರತ್ಯೇಕ ಅಪಘಾತ ವಿಮೆ ಇರಲೇಬೇಕು. ಸಂಬಳದ ಚಾಲಕನಿದ್ದರೆ ಅವನ ಹೊಣೆಯನ್ನೂ ಅಲ್ಪ ಹೆಚ್ಚುವರಿ ಕಂತು ಕೊಟ್ಟು ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು.

ವಾಹನದ ಬೆಲೆಯನ್ನು ಎಷ್ಟೆಂದು ಬರೆಸಬೇಕು?

ಸ್ವಂತ ಹಾನಿಯ ವಿಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಎಂದರೆ ವಾಹನದ ಘೋಷಿತ ಬೆಲೆ. ಪಾಲಿಸಿಯಲ್ಲಿ ಇದನ್ನು ಐ.ಡಿ.ವಿ. ಎಂದು ಬರೆದಿರುತ್ತಾರೆ. ವಾಹನ ಕಳವಾದರೆ ಅಥವಾ ಪೂರ್ಣ ನಾಶವಾದರೆ ನಿಮಗೆ ಬರುವುದು ಇಷ್ಟೇ. ದುರಸ್ತಿಯ ವೆಚ್ಚ ಈ ಬೆಲೆಯ ಶೇ. 75ನ್ನು ಮೀರಿದರೆ ಪೂರ್ಣ ನಾಶವೆಂದೇ ಎಣಿಸುವುದು ವಾಡಿಕೆ.

ತಯಾರಕರ ಈಗಿನ ಮಾರಾಟ ಬೆಲೆಯಿಂದ ವಾಹನದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಈ ಬೆಲೆಯನ್ನು ಗೊತ್ತುಮಾಡುತ್ತಾರೆ. ರೂಢಿಯಲ್ಲಿರುವ ಪ್ರಮಾಣ ಹೀಗಿದೆ:

6 ತಿಂಗಳವರೆಗೆ: ಶೇ. 5
6 ತಿಂಗಳಿಂದ 1 ವರ್ಷ: ಶೇ. 15
1ರಿಂದ 2 ವರ್ಷ: ಶೇ. 20
2ರಿಂದ 3 ವರ್ಷ: ಶೇ. 30
3ರಿಂದ 4 ವರ್ಷ: ಶೇ. 40
4ರಿಂದ 5 ವರ್ಷ: ಶೇ. 50

ಐದು ವರ್ಷ ದಾಟಿದ ವಾಹನದ ಬೆಲೆಯನ್ನು ನೀವೂ ಕಂಪನಿಯೂ ಮಾತನಾಡಿ ಒಪ್ಪಿಕೊಳ್ಳಬೇಕು.

ಉದಾಹರಣೆಗೆ, ರೂ. 7,00,000 ಬೆಲೆಯ ಟ್ರ್ಯಾಕ್ಟರಿಗೆ ಎರಡೂವರೆ ವರ್ಷವಾಗಿದೆ. ಶೇ. 30 ಕಳೆದರೆ ಘೋಷಿತ ಬೆಲೆ ರೂ. 4,90,000. ಕಂತು ಕಡಿಮೆಯಾಗಲೆಂದು ನೀವು ಇದನ್ನು ರೂ. 4,00,000 ಎಂದು ಬರೆಸಿದಿರಿ ಎನ್ನೋಣ. ಸ್ವಂತ ಹಾನಿಯ ದರ ನೂರಕ್ಕೆ ಒಂದೂವರೆ ರೂಪಾಯಿ ಎಂದು ಭಾವಿಸಿದರೆ ವರ್ಷಕ್ಕೆ ಉಳಿಯುವುದು ರೂ. 1,350. ಟ್ರ್ಯಾಕ್ಟರು ಕಳವಾದರೆ ಕಳೆದುಕೊಳ್ಳುವುದು ರೂ. 90,000. ಬಿತ್ತನೆ ಬೀಜದಲ್ಲಿ ಎರಡು ಸೇರು ಉಳಿಸಿ ಒಂದು ಚೀಲ ಫಸಲನ್ನು ಕಳೆದುಕೊಂಡಂತೆ ಇದು. ಹಾಗೆಂದು ಬೆಲೆಯನ್ನು ವಿಪರೀತ ಏರಿಸಿ ಬರೆಸುವುದೂ ಬೇಡ. ಕಂತು ಪ್ರತಿ ವರ್ಷ ಏರುತ್ತದೆ, ಸಾಮಾನ್ಯ ದುರಸ್ತಿಯಲ್ಲಿ ಅದರಿಂದ ಯಾವ ಲಾಭವೂ ಇಲ್ಲ.

ಎರಡು ಕಂಪನಿಗಳ ಕಂತನ್ನು ಹೋಲಿಸುವಾಗ ಮೊದಲು ಈ ಬೆಲೆ ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಕಂತು ಕಡಿಮೆ ತೋರಿಸುವ ಕಡೆಯಲ್ಲಿ ಬೆಲೆಯೂ ಕಡಿಮೆ ಬರೆದಿರುವುದುಂಟು.

ಸಾಲದ ಮೇಲೆ ತಂದ ವಾಹನವಾದರೆ ನೋಂದಣಿ ಪತ್ರದಲ್ಲಿಯೂ ಪಾಲಿಸಿಯಲ್ಲಿಯೂ ಬ್ಯಾಂಕಿನ ಹೆಸರಿರುತ್ತದೆ. ಪೂರ್ಣ ನಾಶದ ಹಣ ಮೊದಲು ಸಾಲಕ್ಕೆ ಹೋಗುತ್ತದೆ. ಸಾಲವಿರುವಾಗ ಸ್ವಂತ ಹಾನಿಯ ವಿಮೆಯನ್ನು ಬಿಟ್ಟರೆ, ವಾಹನ ಹೋದ ಮೇಲೂ ಅದರ ಕಂತನ್ನು ಕಟ್ಟುತ್ತಲೇ ಇರಬೇಕಾಗುತ್ತದೆ.

ದುರಸ್ತಿಯ ಹಣ ಪೂರ್ತಿ ಬರುವುದಿಲ್ಲ, ಏಕೆ?

ಅಪಘಾತದ ದುರಸ್ತಿಯಲ್ಲಿ ಹಳೆಯ ಭಾಗವನ್ನು ತೆಗೆದು ಹೊಸದನ್ನು ಹಾಕುವುದರಿಂದ ಭಾಗಗಳ ಬೆಲೆಯಲ್ಲಿ ಸವಕಳಿಯನ್ನು ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಟ್ಯೂಬು, ಬ್ಯಾಟರಿಗಳಿಗೆ ಶೇ. 50, ಗಾಜಿಗೆ ಏನೂ ಇಲ್ಲ, ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ. ಜೊತೆಗೆ ಪ್ರತಿ ಕ್ಲೇಮಿನಲ್ಲಿ ಮಾಲೀಕನೇ ಹೊರಬೇಕಾದ ಕಡ್ಡಾಯ ಪಾಲೂ ಉಂಟು; ಕಾರಿಗೆ ಇದು ರೂಢಿಯಲ್ಲಿ 1,500 ಸಿ.ಸಿ.ವರೆಗೆ ರೂ. 1,000, ಮೀರಿದರೆ ರೂ. 2,000.

ಮೂರೂವರೆ ವರ್ಷದ ಚಿಕ್ಕ ಕಾರಿನ ದುರಸ್ತಿಯ ಲೆಕ್ಕವನ್ನು ನೋಡಿ:

ಪ್ಲಾಸ್ಟಿಕ್ ಬಂಪರು ರೂ. 6,000: ಶೇ. 50 ಕಳೆದು ರೂ. 3,000
ಲೋಹದ ಬಾಗಿಲು ರೂ. 10,000: ಶೇ. 25 ಕಳೆದು ರೂ. 7,500
ಮುಂದಿನ ಗಾಜು ರೂ. 5,000: ಪೂರ್ತಿ ರೂ. 5,000
ಕೂಲಿ ರೂ. 4,000: ಪೂರ್ತಿ ರೂ. 4,000

ಒಟ್ಟು ಬಿಲ್ಲು ರೂ. 25,000. ಒಪ್ಪುವ ಮೊತ್ತ ರೂ. 19,500. ಕಡ್ಡಾಯ ಪಾಲು ರೂ. 1,000 ಕಳೆದು ಕಂಪನಿ ಕೊಡುವುದು ರೂ. 18,500. ನಿಮ್ಮ ಕೈಯಿಂದ ರೂ. 6,500.

ಈ ಸವಕಳಿಯನ್ನು ಕಳೆಯದೆ ಕೊಡುವ ಹೆಚ್ಚುವರಿ ರಕ್ಷಣೆಗೆ ಝೀರೋ ಡಿಪ್ರಿಸಿಯೇಷನ್ ಎಂದು ಹೆಸರು. ಅದಿದ್ದರೆ ಮೇಲಿನ ಲೆಕ್ಕದಲ್ಲಿ ನೀವು ಕೊಡುವುದು ರೂ. 1,000 ಮಾತ್ರ. ಹೊಸ ಕಾರಿಗೆ ಮೊದಲ ಮೂರು ನಾಲ್ಕು ವರ್ಷ ಇದು ಪ್ರಯೋಜನಕಾರಿ. ಹೊಸದಾಗಿ ಓಡಿಸಲು ಕಲಿತವರಿಗಂತೂ ಬೇಕು. ಕಾರು ಹಳತಾದಂತೆ ಇದರ ಕಂತು ಏರುತ್ತದೆ, ಕ್ರಮೇಣ ಸಿಗುವುದೂ ಕಷ್ಟ. ಆಗ ಬಿಟ್ಟುಬಿಡಬಹುದು.

ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಕೊಡುವ ರಕ್ಷಣೆ ಇನ್ನೊಂದು. 2019ರ ಆಗಸ್ಟಿನ ನೆರೆಯಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಹಳ್ಳಿಗಳಲ್ಲಿ ಮನೆಗಳ ಜೊತೆ ವಾಹನಗಳೂ ಮುಳುಗಿದ್ದವು. ಪ್ರವಾಹದ ಹಾನಿ ಸಮಗ್ರ ವಿಮೆಯಲ್ಲಿ ಸೇರಿದೆ. ಆದರೆ ನೀರಿನಲ್ಲಿ ನಿಂತ ವಾಹನವನ್ನು ಚಾಲೂ ಮಾಡಲು ಹೋಗಿ ಎಂಜಿನ್ನು ಕೆಟ್ಟರೆ, ಅದು ಪ್ರವಾಹದಿಂದಲ್ಲ, ನಿಮ್ಮ ಕೈಯಿಂದ ಆದದ್ದೆಂದು ಕಂಪನಿಗಳು ತಕರಾರು ತೆಗೆಯುತ್ತವೆ. ನದಿ ದಂಡೆಯ ಮತ್ತು ತಗ್ಗು ಪ್ರದೇಶದ ರೈತರು ಎಂಜಿನ್ ರಕ್ಷಣೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಬಯಲು ಸೀಮೆಯ ಎತ್ತರದ ಊರಿನವರಿಗೆ ಅದು ಅಷ್ಟು ಅಗತ್ಯವಲ್ಲ. ನೀರಿನಲ್ಲಿ ಮುಳುಗಿದ್ದ ವಾಹನವನ್ನು ಮೆಕ್ಯಾನಿಕ್ ನೋಡುವವರೆಗೆ ಯಾರೂ ಚಾಲೂ ಮಾಡಕೂಡದು.

ಸಣ್ಣ ಕ್ಲೇಮು ಮಾಡಬೇಕೆ, ಬೇಡವೆ?

ಕ್ಲೇಮು ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ರಿಯಾಯಿತಿ ದೊರೆಯುತ್ತದೆ. ನೋ ಕ್ಲೇಮ್ ಬೋನಸ್ ಎನ್ನುವುದು ಇದನ್ನೇ. ಕ್ರಮವಾಗಿ ಶೇ. 20, 25, 35, 45 ಮತ್ತು ಐದನೆಯ ವರ್ಷಕ್ಕೆ ಶೇ. 50. ಒಂದು ಕ್ಲೇಮು ಮಾಡಿದರೆ ಮತ್ತೆ ಸೊನ್ನೆಯಿಂದ ಆರಂಭ.

ಸ್ವಂತ ಹಾನಿಯ ಮೂಲ ಕಂತು ರೂ. 8,000 ಎಂದಿಟ್ಟುಕೊಳ್ಳಿ, ಲೆಕ್ಕದ ಸುಲಭಕ್ಕಾಗಿ ಅದು ಬದಲಾಗದೆಂದೂ ಭಾವಿಸಿ. ಈಗ ನಿಮಗೆ ಶೇ. 35 ರಿಯಾಯಿತಿ ಇದೆ. ಕ್ಲೇಮು ಮಾಡದಿದ್ದರೆ ಮುಂದಿನ ವರ್ಷ ಶೇ. 45 ರಿಯಾಯಿತಿಯಿಂದ ಕಟ್ಟುವುದು ರೂ. 4,400. ಕ್ಲೇಮು ಮಾಡಿದರೆ ರೂ. 8,000. ಮೊದಲ ವರ್ಷವೇ ರೂ. 3,600 ವ್ಯತ್ಯಾಸ. ಅದರ ಮುಂದಿನ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ ರೂ. 2,400, 2,000, 1,200 ಮತ್ತು 400. ಐದು ವರ್ಷಗಳಲ್ಲಿ ಒಟ್ಟು ರೂ. 9,600. ಬೇಲಿಗೆ ಉಜ್ಜಿ ಆದ ಗೀರಿಗೆ, ಒಡೆದ ದೀಪಕ್ಕೆ ಎರಡು ಮೂರು ಸಾವಿರದ ಕ್ಲೇಮು ಮಾಡುವುದು ಲಾಭವೋ ನಷ್ಟವೋ ನೀವೇ ತೀರ್ಮಾನಿಸಿ.

ಈ ರಿಯಾಯಿತಿ ವಾಹನದ್ದಲ್ಲ, ಮಾಲೀಕನದು. ಹಳೆಯ ಕಾರು ಮಾರಿ ಹೊಸದು ಕೊಂಡರೆ ಪ್ರಮಾಣಪತ್ರ ಪಡೆದು ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದು. ಆದರೆ ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಕೂಡಿಟ್ಟ ರಿಯಾಯಿತಿಯೆಲ್ಲ ಹೋಗುತ್ತದೆ.

ಕಡ್ಡಾಯ ಪಾಲಿನ ಮೇಲೆ ಇನ್ನಷ್ಟು ಮೊತ್ತವನ್ನು ತಾನೇ ಹೊರುತ್ತೇನೆಂದು ಒಪ್ಪಿಕೊಂಡರೂ ಕಂತಿನಲ್ಲಿ ರಿಯಾಯಿತಿ ಉಂಟು. ಎರಡು ಫಸಲುಗಳ ನಡುವಣ ಬಿಗಿ ದಿನಗಳಲ್ಲಿಯೂ ಕೈಯಿಂದ ಕೊಡಬಲ್ಲಷ್ಟನ್ನು ಮಾತ್ರ ಒಪ್ಪಿಕೊಳ್ಳಬೇಕು.

ಟ್ರ್ಯಾಕ್ಟರು ಮತ್ತು ಟ್ರೇಲರು: ವಿಶೇಷ ಎಚ್ಚರಿಕೆ

ಕಾರಿಗೆ ಹೇಳಿದ ಮೂಲ ತತ್ವಗಳೇ ಟ್ರ್ಯಾಕ್ಟರಿಗೂ ಅನ್ವಯಿಸುತ್ತವೆ. ಆದರೆ ಕೆಳಗಿನ ಅಂಶಗಳನ್ನು ಬೇರೆಯಾಗಿ ಗಮನಿಸಬೇಕು.

1. ಕಾಯಿದೆಯ ದೃಷ್ಟಿಯಲ್ಲಿ ಟ್ರೇಲರು ಕೂಡ ಒಂದು ಮೋಟಾರು ವಾಹನವೇ. ಟ್ರ್ಯಾಕ್ಟರಿನ ವಿಮೆ ತಾನಾಗಿಯೇ ಟ್ರೇಲರಿಗೆ ಹರಡುವುದಿಲ್ಲ. ಟ್ರೇಲರನ್ನೂ ನೋಂದಾಯಿಸಿ, ಅದರ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿ, ಕಂತು ಕಟ್ಟತಕ್ಕದ್ದು. ಎರಡು ಟ್ರೇಲರುಗಳಿದ್ದರೆ ಎರಡನ್ನೂ ಸೇರಿಸಬೇಕು.

2. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಆಸನ, ಅದು ಚಾಲಕನದು. ಮಡ್‌ಗಾರ್ಡಿನ ಮೇಲೆ ಕುಳಿತವರಿಗೆ, ಟ್ರೇಲರಿನಲ್ಲಿ ದಿಬ್ಬಣಕ್ಕೋ ಜಾತ್ರೆಗೋ ಹೋಗುವವರಿಗೆ ಪಾಲಿಸಿಯ ರಕ್ಷಣೆ ಇರುವುದಿಲ್ಲ. ಟ್ರೇಲರು ಮಗುಚಿದರೆ ಅಷ್ಟೂ ಜನರ ಪರಿಹಾರ ಮಾಲೀಕನ ತಲೆಯ ಮೇಲೆ ಬರಬಹುದು. ಯಾವ ಕಂತು ಕೊಟ್ಟರೂ ಇದು ಸರಿಹೋಗುವ ವಿಷಯವಲ್ಲ. ಜನರನ್ನು ಹತ್ತಿಸದಿರುವುದೊಂದೇ ಉಪಾಯ.

3. ವ್ಯವಸಾಯದ ಉಪಯೋಗಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು, ಜಲ್ಲಿ ಸಾಗಿಸಿದರೆ ಕಂಪನಿಯು ಹೊಣೆಯನ್ನು ಅಲ್ಲಗಳೆಯಬಹುದು. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯವು ಗಾಯಾಳುವಿಗೆ ಕಂಪನಿಯಿಂದ ಹಣ ಕೊಡಿಸಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅನುಮತಿ ಕೊಡುತ್ತದೆ. ಕಬ್ಬು ಸಾಗಾಣಿಕೆಯ ಗುತ್ತಿಗೆ ಹಿಡಿಯುವ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರೈತರು ತಮ್ಮ ನಿಜವಾದ ಉಪಯೋಗವನ್ನು ವಿಮಾ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಅದಕ್ಕೆ ತಕ್ಕ ಪಾಲಿಸಿ ಪಡೆಯಬೇಕು. ಕಂತು ಹೆಚ್ಚಾದೀತು, ಆದರೆ ಬೇಕಾದಾಗ ನಿಲ್ಲದ ಪಾಲಿಸಿಗೆ ಕಟ್ಟಿದ ಹಣವೆಲ್ಲ ನೀರಿಗೆ ಹಾಕಿದ ಹಾಗೆಯೇ.

4. ಚಾಲಕನಿಗೆ ಪರವಾನಗಿ ಇರಲೇಬೇಕು. ಸರಕು ಸೇರಿದ ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನಗಳನ್ನು ಲಘು ವಾಹನದ ಪರವಾನಗಿಯಿಂದಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಆದರೆ ಪರವಾನಗಿಯೇ ಇಲ್ಲದ ಹುಡುಗನ ಕೈಗೆ ಟ್ರ್ಯಾಕ್ಟರಿನ ಚಕ್ರ ಕೊಟ್ಟರೆ ಯಾವ ತೀರ್ಪೂ ಕಾಯದು.

ಯಾರಿಗೆ ಯಾವ ವಿಮೆ?

ಸಾಲವಿರುವ ಅಥವಾ ಐದು ವರ್ಷದೊಳಗಿನ ವಾಹನಕ್ಕೆ: ಸಮಗ್ರ ವಿಮೆ, ಸರಿಯಾದ ಘೋಷಿತ ಬೆಲೆ. ಕಾರಾದರೆ ಮೊದಲ ವರ್ಷಗಳಲ್ಲಿ ಝೀರೋ ಡಿಪ್ರಿಸಿಯೇಷನ್.

ಐದರಿಂದ ಹತ್ತು ವರ್ಷದ ವಾಹನಕ್ಕೆ: ಸಮಗ್ರ ವಿಮೆ ಇರಲಿ, ಹೆಚ್ಚುವರಿ ರಕ್ಷಣೆಗಳನ್ನು ಕಡಿಮೆ ಮಾಡಿ. ಸ್ವಂತವಾಗಿ ಹೊರುವ ಪಾಲನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು.

ಹತ್ತು ವರ್ಷ ಮೀರಿದ, ಬೆಲೆ ಇಳಿದ ವಾಹನಕ್ಕೆ: "ಇದು ನಾಳೆ ಇಲ್ಲವಾದರೆ ಸಾಲ ಮಾಡದೆ ಇಂಥದೇ ಇನ್ನೊಂದನ್ನು ಕೊಳ್ಳಬಲ್ಲೆನೇ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕೊಳ್ಳಬಲ್ಲಿರಾದರೆ ಸ್ವಂತ ಹಾನಿಯ ಭಾಗವನ್ನು ಬಿಡಬಹುದು. ಆದರೆ ಮೂರನೆಯವರ ವಿಮೆ ಮತ್ತು ಓಡಿಸುವವರ ಅಪಘಾತ ವಿಮೆ ಇರಲೇಬೇಕು. ಕಾರಾದರೆ ಒಳಗೆ ಕೂರುವವರಿಗೂ ಅಪಘಾತ ವಿಮೆಯನ್ನು ಸೇರಿಸಲು ಕೇಳಿರಿ. ದುಡಿಮೆಗೆ ಆ ಟ್ರ್ಯಾಕ್ಟರೊಂದೇ ಆಧಾರವಾಗಿದ್ದರೆ, ಹಳೆಯದಾದರೂ ಸಮಗ್ರ ವಿಮೆಯನ್ನು ಬಿಡಬೇಡಿ.

ಅಪಘಾತವಾದಾಗ ಮಾಡಬೇಕಾದದ್ದು

ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ. ಓಡಿಹೋಗುವುದರಿಂದ ತಪ್ಪು ದೊಡ್ಡದಾಗುತ್ತದೆಯೇ ಹೊರತು ಮುಚ್ಚಿಹೋಗುವುದಿಲ್ಲ. ಸಾವು, ಗಾಯ ಅಥವಾ ಕಳವಾಗಿದ್ದರೆ ಕೂಡಲೇ ಪೊಲೀಸರಿಗೆ ತಿಳಿಸಿ. ವಾಹನ ನಿಂತ ಜಾಗದ, ಜಖಂ ಆದ ಭಾಗಗಳ ಚಿತ್ರಗಳನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಅದೇ ದಿನ ವಿಮಾ ಕಂಪನಿಗೆ ತಿಳಿಸಿ, ತಿಳಿಸಿದ್ದಕ್ಕೆ ಸಂಖ್ಯೆ ಪಡೆದು ಬರೆದಿಟ್ಟುಕೊಳ್ಳಿ. ಸರ್ವೇಯರು ನೋಡುವ ಮೊದಲು ದುರಸ್ತಿ ಮಾಡಿಸಬೇಡಿ. ಓಡಿಸಿದವನ ಹೆಸರನ್ನು ಬದಲಾಯಿಸಿ ಹೇಳಬೇಡಿ. ಅದೊಂದು ಸುಳ್ಳಿನಿಂದ ನಿಜವಾದ ಕ್ಲೇಮೂ ಬಿದ್ದುಹೋಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಮೂರನೆಯವರ ವಿಮೆಯನ್ನು ಒಂದು ದಿನವೂ ತಪ್ಪಿಸಬೇಡಿ. ಮುಕ್ತಾಯದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿ, ಹದಿನೈದು ದಿನ ಮೊದಲೇ ನವೀಕರಿಸಿ.
2. ಕಂತಿನ ಉಳಿತಾಯಕ್ಕಾಗಿ ಘೋಷಿತ ಬೆಲೆಯನ್ನು ಇಳಿಸಬೇಡಿ.
3. ಟ್ರೇಲರಿನ ಸಂಖ್ಯೆ ಪಾಲಿಸಿಯಲ್ಲಿದೆಯೇ ನೋಡಿ.
4. ಓಡಿಸುವವರಿಗೆಲ್ಲ ಪರವಾನಗಿ ಮತ್ತು ಅಪಘಾತ ವಿಮೆ ಇರಲಿ.
5. ಸಣ್ಣ ಕ್ಲೇಮಿಗೆ ಮುನ್ನ ರಿಯಾಯಿತಿಯ ಲೆಕ್ಕ ಹಾಕಿ.

ಅಭ್ಯಾಸ

ಇಂದು ಸಂಜೆ ನಿಮ್ಮ ಪಾಲಿಸಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿರಿ. ಓದಲು ತೊಡಕಾದರೆ ಮನೆಯ ಶಾಲಾ ಮಕ್ಕಳ ನೆರವು ಪಡೆಯಿರಿ.

1. ಇದು ಮೂರನೆಯವರ ವಿಮೆ ಮಾತ್ರವೋ, ಸಮಗ್ರ ವಿಮೆಯೋ? ಪ್ರತಿ ಭಾಗವೂ ಎಂದು ಮುಗಿಯುತ್ತದೆ?
2. ಘೋಷಿತ ಬೆಲೆ ಎಷ್ಟಿದೆ? ನಿಮ್ಮ ವಾಹನದ ವಯಸ್ಸಿಗೆ ಎಷ್ಟಿರಬೇಕಿತ್ತು?
3. ಆಸ್ತಿಹಾನಿಯ ಮಿತಿ ರೂ. 7,50,000 ಇದೆಯೇ?
4. ವಾಹನವನ್ನು ಓಡಿಸುವ ಮಗನಿಗೆ, ಚಾಲಕನಿಗೆ ಏನಾದರೂ ಆದರೆ ಯಾವ ವಿಮೆಯಿಂದ ಎಷ್ಟು ಹಣ ಬರುತ್ತದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ "ಏನೂ ಇಲ್ಲ" ಎಂದಾದರೆ ಮುಂದಿನ ನವೀಕರಣದವರೆಗೆ ಕಾಯಬೇಡಿ. ನಾಳೆಯೇ ವಿಮಾ ಕಚೇರಿಗೆ ಹೋಗಿ ವಿಚಾರಿಸಿರಿ.